ಪುನರ್ಪುಳಿ ಪಾನಕ ಮತ್ತು ಅತಿಥಿ ಸಂವಿಭಾಗ

ಆದಿತೀರ್ಥಂಕರ ವೃಷಭನಾಥರು ದೀಕ್ಷೆ ಪಡೆದು ಆರು ತಿಂಗಳ ಯೋಗವನ್ನು ಮುಗಿಸಿ ಆಹಾರಕ್ಕಾಗಿ ಊರೂರು ನಡೆದರು. ಜನರಿಗೆ ಭಕ್ತಿಯಿತ್ತು, ಸಂಪತ್ತೂ ಇತ್ತು. ಮುನಿಗೆ ಏನನ್ನು, ಹೇಗೆ ಕೊಡಬೇಕೆಂಬ ತಿಳಿವಳಿಕೆ ಮಾತ್ರ ಇರಲಿಲ್ಲ. ಒಬ್ಬರು ರತ್ನಗಳನ್ನು ತಂದರು, ಮತ್ತೊಬ್ಬರು ಆನೆ ಕುದುರೆಗಳನ್ನು ಮುಂದೆ ನಿಲ್ಲಿಸಿದರು, ಕೆಲವರು ತಮ್ಮ ಕನ್ಯೆಯರನ್ನೇ ಒಪ್ಪಿಸಲು ಬಂದರು. ಒಂದು ಬೊಗಸೆ ಶುದ್ಧಾಹಾರ ಕೊಡುವವರು ಯಾರೂ ಇರಲಿಲ್ಲ. ಕೊನೆಗೆ ಹಸ್ತಿನಾಪುರದಲ್ಲಿ ಸೋಮಪ್ರಭ ರಾಜನ ತಮ್ಮ ಶ್ರೇಯಾಂಸನಿಗೆ ಪೂರ್ವಜನ್ಮದ ನೆನಪು ಮರಳಿತು. ತಾನು ಶ್ರೀಮತಿಯಾಗಿದ್ದಾಗ ವಜ್ರಜಂಘನೊಡನೆ ಚಾರಣಮುನಿಗಳಿಗೆ ಆಹಾರ ಕೊಟ್ಟದ್ದು ಕಣ್ಣಮುಂದೆ ಬಂದಿತು. ಅವನು ಕಬ್ಬಿನ ರಸವನ್ನು ಮುನಿಯ ಅಂಜಲಿಗೆ ಎರೆದನು. ಆ ದಿನ ವೈಶಾಖ ಶುದ್ಧ ತದಿಗೆ, ಅಕ್ಷಯ ತೃತೀಯೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣವೂ 941ರಲ್ಲಿ ಪಂಪ ರಚಿಸಿದ ಕನ್ನಡ ಆದಿಪುರಾಣವೂ ಈ ಪ್ರಸಂಗವನ್ನು ನಿರೂಪಿಸಿವೆ.

ಈ ಅವಸರ್ಪಿಣಿಯಲ್ಲಿ ಮುನಿಗೆ ಸಂದ ಮೊದಲ ಆಹಾರವು ಒಂದು ಪಾನೀಯವೆಂಬುದು ಗಮನಿಸತಕ್ಕ ಸಂಗತಿ. ವೃಷಭನು ಜನರಿಗೆ ಇಕ್ಷುರಸದ ಬಳಕೆಯನ್ನು ಕಲಿಸಿದ್ದರಿಂದ ಅವನ ವಂಶಕ್ಕೆ ಇಕ್ಷ್ವಾಕುವೆಂಬ ಹೆಸರಾಯಿತೆಂದು ಪುರಾಣ ಹೇಳುತ್ತದೆ. ತಾನು ಕಲಿಸಿದ್ದೇ ತನ್ನ ಹಸಿವಿನ ಕಾಲಕ್ಕೆ ಮರಳಿ ಬಂದಿತು. ಅದು ಬರಲು ಕೊಡುವವನಿಗೆ ಒಂದು ಹಳೆಯ ನೆನಪು ಬೇಕಾಯಿತು.

ತುಳುನಾಡಿನಲ್ಲಿ ಅಕ್ಷಯ ತೃತೀಯೆಯ ಹೊತ್ತಿಗೆ ಪುನರ್ಪುಳಿ ಹಣ್ಣಾಗಿರುತ್ತದೆ. ಘಟ್ಟದ ಮೇಲಿನವರು ಮುರುಗಲು ಎಂದೂ ಕೊಂಕಣದವರು ಕೋಕಂ ಎಂದೂ ಕರೆಯುವ ಈ ಹಣ್ಣು ಪಶ್ಚಿಮಘಟ್ಟದ ತಪ್ಪಲಿನದು. ಏಪ್ರಿಲ್, ಮೇ ತಿಂಗಳಲ್ಲಿ ಕೆಂಪೇರಿ, ಮಳೆ ಹಿಡಿಯುವುದರೊಳಗೆ ಮುಗಿದುಹೋಗುತ್ತದೆ. ಕಾರ್ಕಳದ ಸಮೀಪದ ಒಂದು ಹಳೆಯ ಜೈನ ಮನೆಯಲ್ಲಿ ಆ ದಿನ ಬಸದಿಯ ಪೂಜೆ ಮುಗಿಸಿ ಬರುವವರಿಗೆಲ್ಲ ಪುನರ್ಪುಳಿ ಪಾನಕ ಕೊಡುವ ವಾಡಿಕೆ ಬಹುಕಾಲದಿಂದ ನಡೆದುಬಂದಿತ್ತು. ಪಾನಕದ ಕೆಲಸವನ್ನು ಆ ಮನೆಯ ಹಿರಿಯಾಕೆ ಎಂಬತ್ತು ದಾಟಿದ ಮೇಲೂ ಇನ್ನೊಬ್ಬರ ಕೈಗೆ ಬಿಟ್ಟಿರಲಿಲ್ಲ.

ಆಕೆಯ ಕ್ರಮ ಹೀಗಿತ್ತು. 20 ಲೋಟಕ್ಕೆ 50 ಹಣ್ಣು. ಹಣ್ಣನ್ನು ತೊಳೆದು ಒಂದೊಂದನ್ನೂ ಎರಡು ಹೋಳು ಮಾಡಿ, ಬೆಳಕಿಗೆ ಹಿಡಿದು ಒಳಗೆ ಹುಳುವಿದೆಯೇ ಎಂದು ನೋಡುವುದು. ಇದಕ್ಕೆ ಶೋಧಿಸುವುದೆಂದು ಹೆಸರು. ಅವಸರದಲ್ಲಿ ಐದಾರು ಹಣ್ಣು ಒಟ್ಟಿಗೆ ಹಿಚುಕಿದರೆ ಆ ಬಟ್ಟಲಿನದಷ್ಟೂ ಗಿಡದ ಬುಡಕ್ಕೆ ಹೋಗುತ್ತಿತ್ತು. ಬಿಳಿಯ ತಿರುಳಿನೊಡನೆ ಬೀಜವನ್ನು ಬೇರೆ ತೆಗೆದು ಒಣಗಿಸಿದರೆ ಮಳೆಗಾಲದಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲ ತುಪ್ಪವಾಗುತ್ತದೆ. ಉಳಿದ ಸಿಪ್ಪೆಯನ್ನು ಕಲ್ಲಿನಲ್ಲಿ ಜಜ್ಜಿ ಸೋಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿದರೆ ನೀರು ಮಾಣಿಕ್ಯದ ಬಣ್ಣಕ್ಕೆ ತಿರುಗುತ್ತದೆ. ಹಿತ್ತಾಳೆ, ತಾಮ್ರದ ಪಾತ್ರೆಗೆ ಈ ಹುಳಿ ಆಗದು. ಲೋಹ ಕರಗಿ ಪಾನಕ ಕೆಡುತ್ತದೆ. ಆದುದರಿಂದ ಕಲ್ಲಿನ ಮರಿಗೆ ಇಲ್ಲವೆ ಮಣ್ಣಿನ ಕೊಡ. ಬೆಲ್ಲ ಹಾಕಿದರೆ ಬಣ್ಣ ಕಂದುತ್ತದೆ, ಸಕ್ಕರೆ ಹಾಕಿದರೆ ಬಣ್ಣ ನಿಲ್ಲುತ್ತದೆ. ಆಕೆ ಬೆಲ್ಲವನ್ನೇ ಕರಗಿಸಿ, ಬಟ್ಟೆಯಲ್ಲಿ ಶೋಧಿಸಿ ಬೆರೆಸುತ್ತಿದ್ದಳು. ಮೇಲೆ ಏಲಕ್ಕಿ, ನಾಲ್ಕು ಕಾಳು ಮೆಣಸಿನ ಪುಡಿ, ಚಿಟಿಕೆ ಉಪ್ಪು. ಹಸಿಶುಂಠಿ ನೆಲದೊಳಗಿನ ಗೆಡ್ಡೆಯಾದ್ದರಿಂದ ಅದಕ್ಕೆ ಪ್ರವೇಶವಿಲ್ಲ. ಮಂಜುಗಡ್ಡೆ ಯಾವ ನೀರಿನದೆಂದು ತಿಳಿಯದಾದ್ದರಿಂದ ಅದೂ ಇಲ್ಲ. ಕೊಡಕ್ಕೆ ಒದ್ದೆಬಟ್ಟೆ ಸುತ್ತಿ ಗಾಳಿಯಾಡುವ ಜಗಲಿಯ ಮೂಲೆಯಲ್ಲಿಟ್ಟರೆ ಕುಡಿಯುವವರಿಗೆ ಸಾಕಾಗುವಷ್ಟು ತಂಪಾಗುತ್ತಿತ್ತು.

ಪಾನಕದ ವಿದ್ಯೆ ಜೈನ ಕವಿಗಳಿಗೆ ಹೊಸತಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು ನೇಮಿಜಿನೇಶ ಸಂಗತಿ, ಸಮ್ಯಕ್ತ್ವ ಕೌಮುದಿಗಳನ್ನು ಬರೆದ ಕೈಯಿಂದಲೇ ಸೂಪಶಾಸ್ತ್ರವನ್ನೂ ಬರೆದನು. ವಾರ್ಧಕ ಷಟ್ಪದಿಯಲ್ಲಿರುವ ಆ ಕೃತಿಯಲ್ಲಿ ಪಾನಕಗಳಿಗೆ ಪ್ರತ್ಯೇಕ ಸ್ಥಾನವಿದೆ. ಪುರಾಣ ಬರೆಯುವವನು ಅಡುಗೆಯ ಗ್ರಂಥವನ್ನೇಕೆ ಬರೆದನೆಂದು ಕೇಳುವುದುಂಟು. ಶ್ರಾವಕನ ವ್ರತಗಳಲ್ಲಿ ಎಷ್ಟು ಅಡುಗೆಮನೆಯಲ್ಲೇ ಪಾಲಿಸಲ್ಪಡುತ್ತವೆ, ಎಷ್ಟು ಅಲ್ಲಿಯೇ ಮುರಿದುಹೋಗುತ್ತವೆ ಎಂದು ಎಣಿಸಿದರೆ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕನ ಎಂಟು ಮೂಲಗುಣಗಳಲ್ಲಿ ಮೊದಲು ಬರುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇವುಗಳ ಜೊತೆಗೆ ಐದು ಅಣುವ್ರತಗಳನ್ನು ಎಣಿಸುತ್ತದೆ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ಅತ್ತಿ, ಆಲ, ಅರಳಿ ಮೊದಲಾದ ಐದು ಉದುಂಬರ ಫಲಗಳನ್ನು ಸೇರಿಸುತ್ತದೆ. ಪಾನಕಕ್ಕೆ ಜೇನು ಬೆರೆಸದಿರುವುದೂ ಅನೇಕ ಮನೆಗಳಲ್ಲಿ ಅಂಜೂರದ ಪೇಯವನ್ನು ಮಾಡದಿರುವುದೂ ಈ ಎಣಿಕೆಯಿಂದಲೇ. ಮದ್ಯದ ವಿಷಯದಲ್ಲಿ ಅಮೃತಚಂದ್ರರು ಕೊಡುವ ಕಾರಣ ಎರಡು. ಅದು ಮನಸ್ಸನ್ನು ಮರುಳುಗೊಳಿಸಿ ಧರ್ಮವನ್ನು ಮರೆಯಿಸುತ್ತದೆ. ಮತ್ತು ಅದು ಅಸಂಖ್ಯ ಜೀವಗಳ ಹುಟ್ಟುನೆಲೆ. ಎರಡನೆಯ ಕಾರಣವನ್ನು ಇಂದಿನ ವಿಜ್ಞಾನದ ಭಾಷೆಯಲ್ಲಿ ಹೇಳುವುದು ಕಷ್ಟವಲ್ಲ. ಹಣ್ಣಿನ ಸಿಪ್ಪೆಯ ಮೇಲೆ ಸಹಜವಾಗಿಯೇ ಇರುವ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಉಂಡು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಕರಾವಳಿಯ ಸೆಕೆಗೆ ಇದು ಕೆಲವು ಗಂಟೆಗಳಲ್ಲೇ ಆರಂಭವಾಗುತ್ತದೆ.

ತುಳುನಾಡಿನವರಿಗೆ ಇದನ್ನು ಗ್ರಂಥದಿಂದ ಕಲಿಯಬೇಕಾಗಿಲ್ಲ. ತೆಂಗಿನ ಹೊಂಬಾಳೆಯಿಂದ ಇಳಿದ ರಸ ಸಿಹಿಯಾಗಿಯೇ ಉಳಿಯಬೇಕಾದರೆ ಮಡಕೆಯ ಒಳಮೈಗೆ ಸುಣ್ಣ ಬಳಿಯಬೇಕು. ಬಳಿಯದಿದ್ದರೆ ಬೆಳಗಿನ ಸಿಹಿರಸ ಸಂಜೆಗೆ ಕಳ್ಳು. ಮರವೂ ಅದೇ, ಮಡಕೆಯೂ ಅದೇ, ಬೇರೆಯಾದದ್ದು ಕಾಲ. ಪಾನಕಕ್ಕೂ ಇದೇ ಮಾತು. ಮದ್ಯವನ್ನು ಬೆರೆಸದಿದ್ದ ಮಾತ್ರಕ್ಕೆ ಪಾನೀಯವು ಮದ್ಯದಿಂದ ದೂರವಾಯಿತೆಂದು ಹೇಳಲಾಗದು. ಅದನ್ನು ಹೊತ್ತು ಮೀರದಂತೆ ಕುಡಿದು ಮುಗಿಸಬೇಕು. ಈ ಕಾರಣಕ್ಕೇ ಆಚಾರದಲ್ಲಿ ನೀರಿನಿಂದ ಮೊದಲುಗೊಂಡು ಎಲ್ಲಕ್ಕೂ ಮರ್ಯಾದೆ, ಅಂದರೆ ಕಾಲದ ಎಲ್ಲೆ ಇದೆ. ಇಮ್ಮಡಿಸಿದ ದಪ್ಪ ಬಟ್ಟೆಯಲ್ಲಿ ಸೋಸಿದ ನೀರಿಗೆ ಎರಡು ಗಳಿಗೆ, ಅಂದರೆ 48 ನಿಮಿಷ. ಲವಂಗದಂಥದ್ದನ್ನು ಬೆರೆಸಿ ಪ್ರಾಸುಕವಾದ ನೀರಿಗೆ ಆರು ಗಂಟೆ. ಕುದಿಸಿದ ನೀರಿಗೆ 24 ಗಂಟೆ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮೆಲ್ಲನೆ ಇಳಿಸಿ ಮರಳಿಸುವುದೂ ಈ ಕ್ರಮದ ಭಾಗ.

ಆ ವರ್ಷದ ಅಕ್ಷಯ ತೃತೀಯೆಯಂದು ಹಿರಿಯಾಕೆ ಬೆಳಿಗ್ಗೆಯೇ ಒಂದು ತಂಬಿಗೆ ನೀರನ್ನು ಬೇರೆಯಾಗಿ ಕುದಿಸಿ, ಆರಿಸಿ, ಮುಚ್ಚಿಟ್ಟಳು. ಸೊಸೆ ಯಾರಿಗೆಂದು ಕೇಳಿದಳು. ಉತ್ತರ ಬರಲಿಲ್ಲ. ಮಧ್ಯಾಹ್ನದ ಮೇಲೆ ದೊಡ್ಡ ಕೊಡದ ಪಾನಕ ಸಿದ್ಧವಾದಾಗ ಆಕೆ ಆ ತಂಬಿಗೆಯ ನೀರಿನಲ್ಲಿ ಎರಡು ಲೋಟದಷ್ಟು ಪಾನಕವನ್ನು ಬೇರೆ ಮಾಡಿದಳು. ಅದಕ್ಕೆ ಉಪ್ಪು ಬೀಳಲಿಲ್ಲ. ವಯಸ್ಸಾಗಿದೆ, ಮರೆತಿರಬೇಕೆಂದು ಸೊಸೆ ಉಪ್ಪಿನ ಮರಿಗೆಯನ್ನು ಮುಂದೆ ಸರಿಸಿದಳು. ಆಕೆ ಅದನ್ನು ಹಿಂದಕ್ಕೆ ಸರಿಸಿದಳು. ಚಂದ ಕಾಣಲೆಂದು ಮೊಮ್ಮಗಳು ಆ ಚಿಕ್ಕ ಪಾತ್ರೆಯ ಬಾಯಿಗೆ ಹಸಿರು ಬಾಳೆಯೆಲೆ ಮುಚ್ಚಿದಾಗ ಅದನ್ನೂ ತೆಗೆದು ಒಣಗಿದ ತಟ್ಟೆಯನ್ನಿಟ್ಟಳು.

ಎಲೆಯ ವಿಷಯ ಸಣ್ಣದಲ್ಲ. ಅತಿಥಿ ಸಂವಿಭಾಗವು ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೊನೆಯದು. ಬರುವ ತಿಥಿಯನ್ನು ಗೊತ್ತುಮಾಡಿಕೊಳ್ಳದೆ ಬರುವವನು ಅತಿಥಿ. ತನಗಾಗಿ ಮಾಡಿಕೊಂಡದ್ದರಲ್ಲಿ ಅವನಿಗೆ ಪಾಲು ಕೊಡುವುದು ಸಂವಿಭಾಗ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಇದಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಸಚಿತ್ತ ನಿಕ್ಷೇಪ, ಸಚಿತ್ತ ಅಪಿಧಾನ, ಪರವ್ಯಪದೇಶ, ಮಾತ್ಸರ್ಯ, ಕಾಲಾತಿಕ್ರಮ. ಜೀವವಿರುವುದರ ಮೇಲೆ ಆಹಾರವನ್ನಿಡುವುದು ಮೊದಲನೆಯದು; ಪೂಜ್ಯಪಾದರ ಸರ್ವಾರ್ಥಸಿದ್ಧಿ ತಾವರೆಯೆಲೆಯ ಉದಾಹರಣೆ ಕೊಡುತ್ತದೆ. ಅಂಥದ್ದರಿಂದಲೇ ಮುಚ್ಚುವುದು ಎರಡನೆಯದು. ತಾನು ಕೊಡಬೇಕಾದುದನ್ನು ಇನ್ನೊಬ್ಬರ ಕೈಯಿಂದ ಕೊಡಿಸುವುದು ಮೂರನೆಯದು. ಆದರವಿಲ್ಲದೆ ಕೊಡುವುದು ನಾಲ್ಕನೆಯದು, ಹೊತ್ತು ಮೀರಿ ಕೊಡುವುದು ಐದನೆಯದು. ಶಾಸ್ತ್ರ ಇವನ್ನು ಮುನಿದಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದೆ. ಗೃಹಸ್ಥರು ಅವನ್ನು ವ್ರತಿಗಳಿಗೂ ವಿಸ್ತರಿಸಿಕೊಂಡಿದ್ದಾರೆ. ಮೊದಲೆರಡು ದೋಷಗಳನ್ನು ಎಲೆ ತೆಗೆದು ನೀಗಬಹುದು. ಮೂರನೆಯ, ನಾಲ್ಕನೆಯ ದೋಷಗಳು ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಹಿರಿಯಾಕೆಗೆ ಒಬ್ಬ ತಮ್ಮನಿದ್ದನು. ತುಳುನಾಡಿನ ಬಹುಪಾಲು ಜೈನ ಮನೆತನಗಳಂತೆ ಅವರದೂ ಅಳಿಯಸಂತಾನ. ಆಸ್ತಿ ಹೆಣ್ಣಿನ ಬಳಿಯಲ್ಲಿ ಇಳಿಯುತ್ತಿತ್ತು. ದುಡಿದು ನಡೆಸುವ ಗಂಡಿನ ಸ್ವಂತ ಮಕ್ಕಳಿಗೆ ಅದರಲ್ಲಿ ಪಾಲಿರಲಿಲ್ಲ. 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಕವರುಗಳ ನಡುವೆ ಪಾಲಿಗೆ ದಾರಿ ತೆರೆದ ಮೇಲೆ ಎಷ್ಟೋ ಮನೆಗಳಲ್ಲಿ ಲೆಕ್ಕಪತ್ರಗಳು ಹೊರಬಂದವು. ಈ ಮನೆಯ ಲೆಕ್ಕವೂ ತಡವಾಗಿ, ಕಹಿಯಾಗಿ ಮುಗಿಯಿತು. ಗದ್ದೆಯಲ್ಲಿ ಬೆವರು ಸುರಿಸಿದ ತಮ್ಮ ಹೊರಗೆ ಹೋದನು, ಅಕ್ಕ ಒಳಗೆ ಉಳಿದಳು. ಸಾವು ಮದುವೆಗಳಿಗೆ ಅವನು ಬಂದದ್ದುಂಟು. ಚಾವಡಿಯಲ್ಲಿ ಕುಳಿತು ಎದ್ದುಹೋಗುತ್ತಿದ್ದನು. ಮೂವತ್ತು ವರ್ಷ ಆ ಮನೆಯ ನೀರನ್ನು ಮುಟ್ಟಿರಲಿಲ್ಲ. ಪ್ರತಿ ಅಕ್ಷಯ ತೃತೀಯೆಗೂ ಕರೆ ಹೋಗುತ್ತಿತ್ತು. ಅವನು ಬಸದಿಯವರೆಗೆ ಬಂದು ಹಿಂದಿರುಗುತ್ತಿದ್ದನು. ಈಚೆಗೆ ಅವನು ವ್ರತಗಳನ್ನು ಸ್ವೀಕರಿಸಿದ್ದಾನೆ, ಉಪ್ಪನ್ನು ಬಿಟ್ಟಿದ್ದಾನೆ ಎಂಬ ಸುದ್ದಿ ಊರಿನವರ ಬಾಯಿಂದ ಅಕ್ಕನ ಕಿವಿಗೆ ಬಿದ್ದಿತ್ತು.

ರಾತ್ರಿಭೋಜನ ತ್ಯಾಗವೆಂದರೆ ಅನ್ನವೊಂದನ್ನೇ ಬಿಡುವುದಲ್ಲ. ಅನ್ನ, ಪಾನ, ಖಾದ್ಯ, ಲೇಹ್ಯ ನಾಲ್ಕೂ ಸಲ್ಲವು. ಕಟ್ಟುನಿಟ್ಟಿನ ವ್ರತಿಗಳು ಸೂರ್ಯಾಸ್ತಕ್ಕೆ ಎರಡು ಗಳಿಗೆ ಮೊದಲೇ ನಿಲ್ಲಿಸುತ್ತಾರೆ. ಏಪ್ರಿಲ್ ಕೊನೆಯಲ್ಲಿ ಕರಾವಳಿಯ ಸೂರ್ಯ ಮುಳುಗುವುದು 6 ಗಂಟೆ 45 ನಿಮಿಷದ ಆಸುಪಾಸಿಗೆ. ಬಂದವರೆಲ್ಲ ಪಾನಕ ಕುಡಿದು ಚಾವಡಿಯಲ್ಲಿ ಮಾತಿಗೆ ಕುಳಿತಿದ್ದರು. ಗಂಟೆ ಐದೂಮುಕ್ಕಾಲು ಆಗುವಾಗ ಅಂಗಳದ ಕೆಳಗಿನ ಮೆಟ್ಟಿಲಲ್ಲಿ ಊರುಗೋಲಿನ ಸದ್ದಾಯಿತು.

ಅವನು ಕೈಕಾಲು ತೊಳೆದು ಬಂದು ಕುಳಿತನು. ಚಾವಡಿಯ ಮಾತು ತಾನಾಗಿಯೇ ನಿಂತಿತು. ಒಳಗೆ ಸೊಸೆ ಚಿಕ್ಕ ಪಾತ್ರೆಯಿಂದ ಲೋಟಕ್ಕೆ ಎರೆದು ಹೊರಡಲು ಅನುವಾದಳು. ಎರಡು ಮನೆಗಳ ನಡುವಿನ ವ್ಯವಹಾರವೆಲ್ಲ ಅಷ್ಟು ವರ್ಷ ಮೂರನೆಯವರ ಕೈಯಿಂದಲೇ ನಡೆದಿತ್ತು. ಹಿರಿಯಾಕೆ ಹೊಸ್ತಿಲ ಬಳಿ ಅವಳ ಕೈಯಿಂದ ಲೋಟವನ್ನು ತೆಗೆದುಕೊಂಡಳು. ಗೋಡೆಯನ್ನು ಹಿಡಿದು ನಡೆಯುವವಳಾದ್ದರಿಂದ ಎರಡೂ ಕೈಯಲ್ಲಿ ಲೋಟ ಹಿಡಿದು ಚಾವಡಿ ದಾಟಲು ಹೊತ್ತು ಹಿಡಿಯಿತು. ಯಾರೂ ಎದ್ದು ಸಹಾಯಕ್ಕೆ ಹೋಗಲಿಲ್ಲ.

ಅವನು ಲೋಟವನ್ನು ನೋಡಿದನು. "ನೀರು ಯಾವಾಗಿನದು?" ಎಂದು ಕೇಳಿದನು.

"ಬೆಳಗಿನದು. ಕುದಿಸಿದ್ದು."

"ಉಪ್ಪು?"

"ಹಾಕಿಲ್ಲ."

ಬೆಳಿಗ್ಗೆ ಅವನು ಬರುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಬರುವ ನಿರ್ಧಾರವನ್ನು ಬಸದಿಯ ಮೆಟ್ಟಿಲಿಳಿಯುವಾಗ ಮಾಡಿದೆನೆಂದು ಅನಂತರ ಮಗನಿಗೆ ಹೇಳಿದನಂತೆ. ಅವನು ಒಂದು ಗಳಿಗೆ ಸುಮ್ಮನಿದ್ದು ಕಣ್ಣು ಮುಚ್ಚಿ ಪಂಚನಮಸ್ಕಾರವನ್ನು ಹೇಳಿಕೊಂಡು ಲೋಟವನ್ನು ತುಟಿಗೆ ತಂದನು. ಪೂರ್ತಿ ಕುಡಿದನು. ಅಕ್ಕ ಇನ್ನೊಂದು ಲೋಟಕ್ಕಾಗಿ ಒಳಗೆ ತಿರುಗುವಷ್ಟರಲ್ಲಿ ಅವನು ಗಡಿಯಾರವನ್ನು ನೋಡಿ, ಹೊತ್ತಾಯಿತೆಂದು ಕೈಯೆತ್ತಿದನು. ಆರಕ್ಕೆ ಐದು ನಿಮಿಷವಿತ್ತು.

ಉಳಿದ ಒಂದು ಲೋಟ ಪಾನಕವನ್ನು ಮರುದಿನಕ್ಕೆ ಇಡುವಂತಿರಲಿಲ್ಲ. ತೋಟದ ಕೆಲಸ ಮುಗಿಸಿ ಬಂದ ಆಳಿಗೆ ಅದನ್ನು ಕೊಟ್ಟಾಗ, ಉಪ್ಪಿಲ್ಲವಲ್ಲ ಎಂದು ಅವನು ನಕ್ಕನು. ಹಿರಿಯಾಕೆ ತಂಬಿಗೆಯನ್ನು ತೊಳೆದು ಕವುಚಿಟ್ಟು, ಹಿಂಡಿದ ಸಿಪ್ಪೆಗಳನ್ನು ಗೆರಸೆಯಲ್ಲಿ ಹರಡಿದಳು. ಮರುದಿನ ಬಿಸಿಲಿದ್ದರೆ ಅವು ಸಾರಿನ ಹುಳಿಗೆ ಆಗುತ್ತಿದ್ದವು.