ಮಳೆ ತಿಂದ ಶನಿವಾರ

ಸೆಪ್ಟೆಂಬರ್ 26, 2024, ಗುರುವಾರ. ಕೊಲಂಬಸ್, ಓಹಾಯೋ

ಇಡೀ ಬೇಸಿಗೆ ಮಳೆಯ ಮುಖ ಕಂಡಿಲ್ಲ. ರಾಜ್ಯದ ಆಗ್ನೇಯ ಮೂಲೆಯಲ್ಲಿ ಹೊಂಡಗಳು ಬತ್ತಿ, ದನಕ್ಕೆ ಬೇರೆ ಕಡೆಯಿಂದ ನೀರು ಹೊರುತ್ತಿದ್ದಾರೆ. ಈಗ ನಮ್ಮ ಕಾರ್ ಕ್ಲಬ್ಬಿನ ಡ್ರ್ಯಾಗ್ ರೇಸಿನ ದಿನಕ್ಕೆ ಎರಡೇ ದಿನ ಇರುವಾಗ ಹೆಲೀನ್ ಚಂಡಮಾರುತ ಫ್ಲಾರಿಡಾದ ಬಾಗಿಲಿಗೆ ಬಂದು ನಿಂತಿದೆ. ಅದರ ಬಾಲ ಶನಿವಾರದ ಹೊತ್ತಿಗೆ ನಮ್ಮ ನೆತ್ತಿಯ ಮೇಲಂತೆ. ರೈತರ ಮುಂದೆ ಈ ಸಂಕಟ ಹೇಳಿಕೊಂಡರೆ ಬೆನ್ನಿಗೆ ಬಿದ್ದೀತು.

46 ಕಾರುಗಳ ದುಡ್ಡು ಬಂದಾಗಿದೆ. ಟ್ರ್ಯಾಕಿನ ಮ್ಯಾನೇಜರಿಗೆ ಫೋನ್ ಮಾಡಿದೆ. ‘ಶನಿವಾರ ಬೆಳಿಗ್ಗೆ ನೋಡೋಣ’ ಅಂದ.

ಸೆಪ್ಟೆಂಬರ್ 28, ಶನಿವಾರ

ನೋಡಿದೆವು. ಒಂಬತ್ತಕ್ಕೆ ಹನಿ ನಿಂತಿತು. ಹಳೆಯ ಜೆಟ್ ಎಂಜಿನ್ ಹೊತ್ತ ಗಾಡಿ ಬಂದು ಎರಡು ಗಂಟೆ ಬಿಸಿಗಾಳಿ ಊದಿತು. ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಡಾಂಬರಿನಿಂದ ಹಬೆ ಎದ್ದಿತು.

ಮಗಳು ಕೇಳಿದಳು, ‘ಅಪ್ಪ, ರಸ್ತೆ ಮೇಲೆ ಮಳೆಯಲ್ಲೂ ಓಡಿಸ್ತೀಯಲ್ಲ, ಇಲ್ಲೇನು ಕಷ್ಟ?’ ಕರೆದುಕೊಂಡು ಹೋಗಿ ಸ್ಟಾರ್ಟ್ ಗೆರೆಯ ಪಕ್ಕ ನಿಲ್ಲಿಸಿದೆ. ಅಲ್ಲಿ ನೆಲಕ್ಕೆ ಅಂಟು ಬಳಿದು, ಅದರ ಮೇಲೆ ಸುಟ್ಟ ರಬ್ಬರ್ ಪದರ ಪದರವಾಗಿ ಕೂತಿರುತ್ತದೆ. ಒಣಗಿದ್ದರೆ ಚಪ್ಪಲಿ ಕಿತ್ತು ಉಳಿಸಿಕೊಳ್ಳುವಷ್ಟು ಅಂಟು. ನೀರು ಬಿದ್ದರೆ ಸೋಪು. ಮೇಲಾಗಿ ಸ್ಲಿಕ್ ಟೈರುಗಳಿಗೆ ನೀರು ಹೊರದಬ್ಬಲು ಗೀರುಗಳೇ ಇಲ್ಲ. ನಾನೂರು ಕುದುರೆಶಕ್ತಿಯ ಗಾಡಿ ಗೋಡೆ ಸವರಲು ಅರ್ಧ ಸೆಕೆಂಡೂ ಬೇಡ. ಅವಳು ಬೂಟು ಎತ್ತಿ ಎತ್ತಿ ಇಟ್ಟು ನೋಡಿ, ‘ಹಲಸಿನ ಮೇಣದ ಥರ’ ಅಂದಳು. ಎರಡು ವರ್ಷದ ಕೆಳಗೆ ಅಜ್ಜಿ ಮನೆಯಲ್ಲಿ ತಿಂದ ಹಲಸಿನ ನೆನಪು.

ಎರಡು ಕಾರು ಓಡಿದವು. ಮೂರನೆಯದು ಗೆರೆಗೆ ಬರುತ್ತಿದ್ದಂತೆ ಮತ್ತೆ ಶುರು. ಮಧ್ಯಾಹ್ನ ಒಂದಕ್ಕೆ ಮುಗಿಯಿತು ಅಂದರು.

ರಗಳೆ ಆಮೇಲಿನದು. ಮ್ಯಾನೇಜರ್ ಅಂದ: ‘ಗೇಟು ತೆಗೆದು ಒಂದು ಕಾರು ಓಡಿದರೂ ಬಾಡಿಗೆ ವಾಪಸ್ ಇಲ್ಲ, ರೇನ್‌ಚೆಕ್ ಕೊಡ್ತೀವಿ, ಅದೇ ದುಡ್ಡಿಗೆ ಈ ಸೀಸನ್ ಮುಗಿಯೋದರೊಳಗೆ ಇನ್ನೊಂದು ದಿನ ಬನ್ನಿ.’ ಕರಾರಿನಲ್ಲಿ ಹಾಗೇ ಇದೆ, ಸಹಿ ನನ್ನದೇ. ಆ ಎರಡು ಕಾರುಗಳನ್ನು ಅಷ್ಟು ಅವಸರವಾಗಿ ಓಡಿಸಿದ್ದು ಯಾಕೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಕೆಟ್ಟ ಬುದ್ಧಿ, ಆದರೂ.

ಸೆಪ್ಟೆಂಬರ್ 30, ಸೋಮವಾರ

ಟ್ರ್ಯಾಕಿನವರ ಬಳಿ ಖಾಲಿ ಇರುವುದು ಎರಡೇ ದಿನ: ಅಕ್ಟೋಬರ್ 12, ನವೆಂಬರ್ 2. ಸದಸ್ಯರನ್ನು ಕೇಳಿದರೆ ಹೆಚ್ಚಿನವರು 19 ಅಂದರು, ಇಲ್ಲದ ದಿನವನ್ನೇ! ಒಬ್ಬನಿಗೆ ಮದುವೆ, ಇನ್ನೊಬ್ಬನಿಗೆ ಫುಟ್‌ಬಾಲ್, ಮತ್ತೊಬ್ಬನ ಕಾರು ಆಗಲೇ ಚಳಿಗಾಲಕ್ಕೆ ಹೊದಿಕೆ ಹೊದ್ದು ಮಲಗಿದೆ. ಒಂದು ದಿನ ಗೊತ್ತುಮಾಡುವುದಕ್ಕಿಂತ ಒಂದು ಸಂಬಂಧ ಕುದುರಿಸುವುದು ಸುಲಭ.

ರಾತ್ರಿ ಷೆವೆಲ್ ಅಜ್ಜನ ಫೋನು. ನಾವಿಟ್ಟ ಹೆಸರು, ಅವರದು 1970ರ ಷೆವೆಲ್ ಕಾರು, ಅವರ ವಯಸ್ಸು 74. 15ಕ್ಕೆ ಮಂಡಿ ಆಪರೇಷನ್. ‘12 ಆದರೆ ಬರ್ತೀನಿ, ಇಲ್ಲದಿದ್ದರೆ ಮುಂದಿನ ವರ್ಷ, ಇದ್ದರೆ’ ಅಂದರು. ಅವರಿಗೆ ಕಾಲು ಮೈಲಿ, ಅಂದರೆ 402 ಮೀಟರು, ಒಮ್ಮೆ ಹದಿಮೂರು ಚಿಲ್ಲರೆ ಸೆಕೆಂಡಿನಲ್ಲಿ ಮುಗಿಸಬೇಕು. ಇದುವರೆಗಿನ ಅತ್ಯುತ್ತಮ 14.05.

ನವೆಂಬರ್‌ನಲ್ಲಿ ಡಾಂಬರು ತಣ್ಣಗಾಗಿ ಅಂಟು ಹಿಡಿಯುವುದಿಲ್ಲ ಎಂಬ ಕಾರಣ ಎಲ್ಲರಿಗೂ ಬರೆದೆ. ಅದೂ ನಿಜವೇ. 12 ಎಂದು ಗೊತ್ತುಮಾಡಿದೆ.

ಅಕ್ಟೋಬರ್ 3, ಗುರುವಾರ

ಕ್ಯಾಲೆಂಡರಿನಲ್ಲಿ ಹೆಂಡತಿ ಬೆರಳಿಟ್ಟು ತೋರಿಸಿದಳು. ಇವತ್ತು ನವರಾತ್ರಿ ಶುರು, 12 ವಿಜಯದಶಮಿ. ‘ಮನೆಗೆ ಹದಿನೈದು ಜನರನ್ನ ಕರೆದಿದ್ದೀನಿ, ಗೊಂಬೆ ಮುಂದೆ ನಾನೊಬ್ಬಳೇ ಕೂತಿರಲಾ?’ ತಪ್ಪಾಯ್ತು ಅಂದೆ. ಸಂಜೆ ಆರರೊಳಗೆ ವಾಪಸ್ ಎಂಬ ಕರಾರಿಗೆ ಸಹಿ ಬಿತ್ತು. ಈ ಕರಾರಿನಲ್ಲಿ ರೇನ್‌ಚೆಕ್ ಇಲ್ಲ.

ಹನ್ನೊಂದು ಜನ ಹಿಂದೆ ಸರಿದರು. ಅವರ ದುಡ್ಡು ಕ್ಲಬ್ಬಿನ ಗಂಟಿನಿಂದ ಕೊಡಬೇಕು. ಅಜ್ಜನ ಸಮಾಧಾನ: 1955ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ನಿನ ಮೊಟ್ಟಮೊದಲ ರಾಷ್ಟ್ರೀಯ ಸ್ಪರ್ಧೆಯೇ ಕ್ಯಾನ್ಸಸ್‌ನ ಗ್ರೇಟ್ ಬೆಂಡ್‌ನಲ್ಲಿ ಮಳೆಗೆ ನಿಂತುಹೋಗಿ, ನವೆಂಬರ್‌ನಲ್ಲಿ ಅರಿಜೋನಾದ ಮರುಭೂಮಿಗೆ ಹೋಗಿ ಮುಗಿಯಿತು. ನಮಗೆ ಮರುಭೂಮಿಯೂ ಇಲ್ಲ.

ಅಕ್ಟೋಬರ್ 11, ಶುಕ್ರವಾರ

ಆಯುಧಪೂಜೆ. ಕಾರು ತೊಳೆದು ಬಾನೆಟ್ಟಿಗೆ ಅರಿಶಿನ, ಕುಂಕುಮ, ಸೇವಂತಿಗೆ. ನಿಂಬೆಹಣ್ಣು ಮನೆಯ ಮುಂದೆಯೇ ತುಳಿಸಿದೆ. ನಾಳೆ ಗೆರೆಯ ಹತ್ತಿರ ಒಂದು ಹನಿ ರಸ ಬಿದ್ದರೂ ನನ್ನನ್ನು ಓಡಿಸುತ್ತಾರೆ.

ಅಕ್ಟೋಬರ್ 12, ಶನಿವಾರ, ರಾತ್ರಿ

ಬೆಳಿಗ್ಗೆ ಏಳಕ್ಕೆ ಹೈವೇಯಲ್ಲಿದ್ದಾಗ ಮೈಸೂರಿನಿಂದ ಅಮ್ಮ. ಅಲ್ಲಿ ಸಂಜೆ ನಾಲ್ಕೂವರೆ, ಟಿವಿಯಲ್ಲಿ ಜಂಬೂಸವಾರಿ. ‘ನೋಡೋ, ಅಭಿಮನ್ಯು ಏಳುನೂರೈವತ್ತು ಕೆಜಿ ಅಂಬಾರಿ ಹೊತ್ಕೊಂಡು ಎಷ್ಟು ನಿಧಾನ, ಎಷ್ಟು ಚೆಂದ ಬರ್ತಾನೆ. ನೀನು ಎಲ್ಲಿಗೋ ಓಡ್ತಿದೀಯ?’ ಹದಿನಾಲ್ಕು ಸೆಕೆಂಡಿನ ಕೆಲಸಕ್ಕೆ ಅಂತ ಹೇಳಲು ಬಾಯಿ ಬರಲಿಲ್ಲ.

ಇಬ್ಬನಿ ಆರುವ ತನಕ ಹತ್ತೂವರೆಯವರೆಗೆ ಕಾದೆವು. ತಪಾಸಣೆಯವನು ನನ್ನ ಬಾನೆಟ್ಟಿನ ಅಂಚಿನ ಕೆಂಪನ್ನು ಬೆರಳಲ್ಲಿ ಒರೆಸಿ, ಮೂಸಿ, ‘ಗೇರ್ ಆಯಿಲ್ ಸೋರ್ತಿದೆಯಾ?’ ಅಂದ. ಆಟೊಮ್ಯಾಟಿಕ್ ಗೇರಿನ ಎಣ್ಣೆಯ ಬಣ್ಣವೂ ಕೆಂಪೇ. ದೇವರದು ಅಂದೆ. ಇನ್ನೊಮ್ಮೆ ಮೂಸಿ ಬಿಟ್ಟುಕೊಟ್ಟ.

ಅಜ್ಜ ಮೂರು ಸಲ ಓಡಿದರು. 14.11. 14.06. ಮೂರನೆಯ ಸಲ ಹಳದಿ ದೀಪಗಳು ಒಂದರ ಕೆಳಗೊಂದು ಹತ್ತಿ ಹಸಿರಾಗುವ ಹೊತ್ತಿಗೆ ಷೆವೆಲ್‌ನ ಮೂಗು ಮೇಲೆದ್ದಿತು. ತಂಪಾದ ದಟ್ಟ ಗಾಳಿ ಎಂಜಿನ್ನಿಗೆ ಒಗ್ಗಿತೋ ಏನೋ, ಚೀಟಿಯಲ್ಲಿ 13.96. ಮೈಕಿನವನು ಹೆಸರು ಕರೆದು ಹೊಗಳುವ ಬದಲು ಗದರಿಸಿದ: 13.99ಕ್ಕಿಂತ ಹೆಚ್ಚು ಸಮಯ ಹಿಡಿದರಷ್ಟೇ ಬರಿತಲೆ, ಇನ್ನು ಹೆಲ್ಮೆಟ್ ಇಲ್ಲದೆ ಗೆರೆಗೆ ಬರಬೇಡಿ.

ಅಜ್ಜ ಕುಂಟುತ್ತ ನನ್ನ ಹತ್ತಿರ ಬಂದು ಕೈ ಚಾಚಿದರು. ಅಭಿನಂದನೆಗೆ ಅಂದುಕೊಂಡು ನಾನೂ ಕೈ ಕೊಟ್ಟೆ. ‘ಅದಲ್ಲ, ಹೆಲ್ಮೆಟ್ ಕೊಡು’ ಅಂದರು.

ಆರೂಕಾಲಿಗೆ ಮನೆ. ಹೆಂಡತಿ ಗಡಿಯಾರ ನೋಡಿದಳು, ಏನೂ ಅನ್ನಲಿಲ್ಲ. ಹೆಲ್ಮೆಟ್ ಇನ್ನೂ ಅಜ್ಜನ ಹತ್ತಿರವೇ ಇದೆ.