ಲಗ್ನಕ್ಕೊಂದು ಸೈಡು, ಮನಸ್ಸಿಗೊಂದು ಸೈಡು

ಹಾಡಿನ ತಟ್ಟೆಗೆ ಎರಡು ಮಗ್ಗುಲು ಇರ್ತಿದ್ದವು ಅನ್ನೋದನ್ನ ಈಗಿನ ಹುಡುಗರಿಗೆ ಹೇಳಿ ತಿಳಿಸಬೇಕು. ಮೊಬೈಲಿನ ಹಾಡಿಗೆ ಹಿಂದಿಲ್ಲ, ಮುಂದಿಲ್ಲ. ಬೇಡ ಅಂದ್ರೆ ಬೆರಳಲ್ಲಿ ಸರಿಸಿದರಾಯ್ತು. ಎಲ್.ಪಿ. ರೆಕಾರ್ಡು ಹಾಗಲ್ಲ ಸ್ವಾಮಿ! ಹನ್ನೆರಡು ಅಂಗುಲದ ಕರಿ ತಟ್ಟೆ, ಒಂದು ಮಗ್ಗುಲಿಗೆ ಸುಮಾರು ಇಪ್ಪತ್ತು ನಿಮಿಷ. ಅದು ಮುಗಿದ ಮೇಲೆ ಎದ್ದು ಹೋಗಬೇಕು, ಮುಳ್ಳು ಎತ್ತಬೇಕು, ತಟ್ಟೆ ಮಗುಚಬೇಕು, ಮತ್ತೆ ಮುಳ್ಳು ಇಡಬೇಕು. ಆ ಏಳುವ ಸೋಮಾರಿತನಕ್ಕೆ ಎಷ್ಟು ಒಳ್ಳೆಯ ಹಾಡುಗಳು ಎರಡನೇ ಮಗ್ಗುಲಲ್ಲಿ ಮಲಗಿಯೇ ಉಳಿದವೋ, ಆ ದೇವರೇ ಬಲ್ಲ.

ನಾನು ಹೇಳಹೊರಟಿರುವುದು ಅಂಥ ಒಂದೇ ಒಂದು ತಟ್ಟೆಯ ಕಥೆ. ಹೆಸರು 'ಡಿಸ್ಕೋ ದೀವಾನೆ'. ಹೊರಬಂದದ್ದು 1981ರಲ್ಲಿ. ಹಾಡಿದವರು ನಾಜಿಯಾ ಹಸನ್ ಮತ್ತು ಆಕೆಯ ತಮ್ಮ ಜೊಹೇಬ್ ಹಸನ್. ಸಂಗೀತ ಬಿದ್ದು ಅವರದು.

"ಕನ್ನಡ ಸಿನಿಮಾ ಪತ್ರಿಕೆಯಲ್ಲಿ ಹಿಂದಿ ಪಾಪ್ ಹಾಡು ಯಾಕಯ್ಯಾ?" ಅಂತ ಹುಬ್ಬೇರಿಸಬೇಡಿ. ಈ ಬಿದ್ದು ಬೇರೆ ಯಾರೂ ಅಲ್ಲ, ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರ ಹುಡುಗ, ಬಿದ್ದು ಅಪ್ಪಯ್ಯ! ಬೆಂಗಳೂರಿನಲ್ಲಿ 'ಟ್ರೋಜನ್ಸ್' ಎಂಬ ತಂಡದಲ್ಲಿ ಹಾಡಿಕೊಂಡಿದ್ದವರು 1967ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಅವರ ಹಣೆಬರಹ ತಿರುಗಿದ್ದೂ ಒಂದು ರೆಕಾರ್ಡಿನ ಎರಡನೇ ಮಗ್ಗುಲಿನಿಂದಲೇ ಅಂದ್ರೆ ನಂಬ್ತೀರಾ?

ಅದು ನಡೆದದ್ದು 1974ರಲ್ಲಿ. ಜಮೈಕಾದಲ್ಲಿ ಹುಟ್ಟಿದ ಕಾರ್ಲ್ ಡಗ್ಲಾಸ್ ಎಂಬ ಗಾಯಕನಿಂದ ಬಿದ್ದು ಒಂದು ಚಿಕ್ಕ ತಟ್ಟೆಗೆ ಹಾಡಿಸುತ್ತಿದ್ದರು. ಮುಂದಿನ ಮಗ್ಗುಲಿಗೆ ಅಂತ ಇಟ್ಟ ಹಾಡಿಗೆ ಸ್ಟುಡಿಯೋದ ಸಮಯವೆಲ್ಲ ಖರ್ಚಾಯಿತು. ಹಿಂದಿನ ಮಗ್ಗುಲು ಖಾಲಿ ಬಿಡೋಕಾಗಲ್ಲವಲ್ಲ! ಕೊನೆಗೆ ಉಳಿದ ಹತ್ತು ನಿಮಿಷದಲ್ಲಿ ಅವಸರಕ್ಕೆ ಒಂದು ಹಾಡು ಮುಗಿಸಿದರು. ರೆಕಾರ್ಡು ಕಂಪನಿಯವರು ಕೇಳಿದರು. "ಇದು ಹಿಂದೆ ಬೇಡ, ಮುಂದೆ ಬರಲಿ" ಅಂದರು. ಆ ಹಾಡೇ 'ಕುಂಗ್ ಫೂ ಫೈಟಿಂಗ್'! ಅದೇ ವರ್ಷ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ಮುಂದಿನ ಮಗ್ಗುಲಿಗೆ ಅಂತ ಕಷ್ಟಪಟ್ಟು ಮಾಡಿದ ಹಾಡಿನ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು ಹೇಳಿ?

ಮುಂದೆ 1980ರಲ್ಲಿ ಫಿರೋಜ್ ಖಾನರ 'ಕುರ್ಬಾನಿ' ಬಂತು. ಆ ಚಿತ್ರದ ಉಳಿದ ಹಾಡುಗಳು ಕಲ್ಯಾಣಜಿ-ಆನಂದಜಿಯವರದು. 'ಆಪ್ ಜೈಸಾ ಕೋಯಿ' ಒಂದು ಮಾತ್ರ ಬಿದ್ದು ಅವರದು. ತೆರೆಯ ಮೇಲೆ ಜೀನತ್ ಅಮಾನ್. ದನಿ ಕರಾಚಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿದ್ದ ಹದಿನೈದರ ಹುಡುಗಿ ನಾಜಿಯಾಳದು. ಲತಾ, ಆಶಾ ಅವರ ದನಿಗೇ ಒಗ್ಗಿದ್ದ ನಮ್ಮ ಕಿವಿಗೆ ಆ ದನಿ ಯಾರ ಹಾಗೂ ಇರಲಿಲ್ಲ. ಶಾಲೆಯ ಹುಡುಗಿ ಕಿಟಕಿ ಪಕ್ಕ ಕೂತು ತನಗೆ ತಾನೇ ಹಾಡಿಕೊಂಡ ಹಾಗಿತ್ತು. ಅದಕ್ಕೇ ಆಕೆಗೆ ಫಿಲಂಫೇರ್ ಪ್ರಶಸ್ತಿ ಬಂತು. ಮರುವರ್ಷವೇ 'ಡಿಸ್ಕೋ ದೀವಾನೆ' ಎಲ್.ಪಿ. ಬಂತು.

ಬೆಂಗಳೂರಿನವನ ರಾಗ, ಕರಾಚಿಯ ಹುಡುಗಿಯ ದನಿ, ಮೇಲೆ ಎಚ್.ಎಂ.ವಿ.ಯ ನಾಯಿ ಚಿತ್ರ. ಇಂಥ ತಟ್ಟೆ ನಮ್ಮ ಬೀದರ್ ಜಿಲ್ಲೆಯ ಹುಮನಾಬಾದಿಗೆ ಬಂದು ಇಳಿದದ್ದು ಒಂದು ಮೈಕ್‌ಸೆಟ್ ಅಂಗಡಿಗೆ.

ನಾನು ಬಸವಕಲ್ಯಾಣದವನು. ಹುಮನಾಬಾದ್ ಹೈದರಾಬಾದ್-ಸೊಲ್ಲಾಪುರ ಹೆದ್ದಾರಿಯ ಮೇಲೇ ಕೂತ ಊರು. ಹಗಲೂ ರಾತ್ರಿ ಲಾರಿಗಳ ಸದ್ದು. ನಮ್ಮೂರು ಹೆದ್ದಾರಿ ಬಿಟ್ಟು ಒಳಗಿದೆ. ಕೋಟೆ, ಕೆರೆ, ಶರಣರ ನೆನಪು ಅಂತ ಸ್ವಲ್ಪ ನಿಧಾನದ ಊರು. ಎರಡಕ್ಕೂ ಮಧ್ಯೆ ಒಂದು ತಾಸಿನ ಬಸ್ಸಿನ ದಾರಿ. ಹುಮನಾಬಾದಿನ ಆ ಅಂಗಡಿ ನನ್ನ ಗೆಳೆಯನ ಕಾಕಾನದು. ಅಹುಜಾ ಆಂಪ್ಲಿಫೈಯರು, ನಾಲ್ಕು ಹಾರ್ನು, ಒಂದು ರೆಕಾರ್ಡ್ ಪ್ಲೇಯರು, ಎರಡು ಮೈಕು: ಇಷ್ಟೇ ಆಸ್ತಿ. ಸುತ್ತಮುತ್ತ ಎಲ್ಲಿ ಲಗ್ನವಾದರೂ ಕಾಕಾನ ಹಾರ್ನು ಅಲ್ಲಿನ ಬೇವಿನ ಮರ ಏರ್ತಿತ್ತು.

ಕಾಕಾನಿಗೆ ಮೊದಲ ಮಗ್ಗುಲು ಅಂದ್ರೆ ಪ್ರಾಣ. 'ಡಿಸ್ಕೋ ದೀವಾನೆ' ಎಂಬ ಆ ಹೆಸರಿನ ಹಾಡೇ ಇರುವ ಮಗ್ಗುಲು ಅದು. ಅಕ್ಷತೆ ಬಿದ್ದಕೂಡಲೇ ಮುಳ್ಳು ಇಟ್ಟರೆ ಹುಡುಗರು ಚಪ್ಪರದಡಿಯೇ ಕುಣೀತಿದ್ದರು. ಒಂದು ವಿಷಯ ಗಮನಿಸಿ. ಮರ ಏರಿದ ಹಾರ್ನಿನಲ್ಲಿ ತೆಳು ದನಿ ಮಾತ್ರ ದೂರ ಹೋಗ್ತದೆ, ದಪ್ಪ ಸದ್ದು ಸತ್ತೇ ಹೋಗ್ತದೆ. ಹಾಗಾಗಿ ಲಗ್ನದಲ್ಲಿ ಕೇಳ್ತಿದ್ದದ್ದು ನಾಜಿಯಾಳ ದನಿ ಮತ್ತು ತಾಳದ ಚಟಪಟ ಅಷ್ಟೇ. ಬಿದ್ದು ಕೆಳಗೆ ಹಾಸಿದ್ದ ಬಾಸ್ ಗಿಟಾರಿನ ಗುಂಗು ಕೇಳಬೇಕಾದರೆ ಅಂಗಡಿಯ ಮರದ ಪೆಟ್ಟಿಗೆಯ ಸ್ಪೀಕರಿನ ಮುಂದೆಯೇ ಕೂರಬೇಕಿತ್ತು.

ನನಗೂ ಮೊದಲ ಮಗ್ಗುಲೇ ಇಷ್ಟ, ಆದರೆ ಬೇರೆ ಕಾರಣಕ್ಕೆ. ಆ ಕುಣಿತದ ಹಾಡಿನ ನೆರೆಯಲ್ಲೇ 'ಲೇಕಿನ್ ಮೇರಾ ದಿಲ್' ಎಂಬ ನಿಧಾನದ ಹಾಡಿದೆ. ಎಲ್ಲರೂ ಕುಣಿದು ಸುಸ್ತಾದ ಮೇಲೆ ಒಬ್ಬಳೇ ಮೂಲೆಯಲ್ಲಿ ಕೂತ ಹಾಗೆ. ಕುಣಿತ, ಅದರ ಬೆನ್ನಿಗೇ ಬೇಸರ. ಒಂದೇ ಮಗ್ಗುಲಲ್ಲಿ ಎರಡೂ ಸಿಗೋದು ಸಣ್ಣ ಮಾತಲ್ಲ. ಹಾಡುಗಳನ್ನ ತೂಗಿ ನೋಡಿದರೆ ಇವತ್ತಿಗೂ ಮೊದಲ ಮಗ್ಗುಲೇ ಭಾರ ಅಂತೀನಿ.

ಆದರೆ ನನ್ನ ಗೆಳೆಯ ಒಪ್ತಿರಲಿಲ್ಲ. ಅವನಿಗೆ ಎರಡನೇ ಮಗ್ಗುಲೇ ಬೇಕು. ಅದರಲ್ಲೂ ಕಟ್ಟಕಡೆಯದು. ಅಲ್ಲಿರುವುದು ಅದೇ 'ಡಿಸ್ಕೋ ದೀವಾನೆ', ಆದರೆ ಮಾತಿಲ್ಲ, ದನಿಯಿಲ್ಲ, ಬರೀ ವಾದ್ಯ. "ಏ ಹುಡುಗಾ, ಆ ಸೈಡು ಯಾಕ ಹಾಕ್ತಿ? ಮಾತಿಲ್ಲದ ಹಾಡಿಗಿ ಯಾರ್ ಕುಣೀತಾರ?" ಅಂತ ಕಾಕಾ ಗದರಿಸ್ತಿದ್ದ. ಅಷ್ಟೇ ಅಲ್ಲ, ಆ ಜಾಗವೂ ಕೆಟ್ಟದ್ದು. ಎಲ್.ಪಿ. ನಿಮಿಷಕ್ಕೆ ಮೂವತ್ಮೂರು ಸುತ್ತು ಚಿಲ್ಲರೆ ತಿರುಗ್ತದೆ. ಅಂಚಿನಲ್ಲಿ ಸುತ್ತು ದೊಡ್ಡದು. ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಓಡ್ತದೆ. ನಡುವಿನ ಚೀಟಿಯ ಹತ್ತಿರ ಬಂದಾಗ ಅದು 20ರ ಆಸುಪಾಸಿಗೆ ಇಳೀತದೆ. ಅಷ್ಟೇ ಹಾಡನ್ನ ಕಮ್ಮಿ ಜಾಗದಲ್ಲಿ ಒತ್ತಿ ತುಂಬಿದ ಹಾಗೆ. ಅದಕ್ಕೇ ಕೊನೆಯ ಹಾಡಿನ ಹೊಳಪು ಸ್ವಲ್ಪ ಮಾಸಿರ್ತದೆ. ಯಾರೂ ಕೇಳದ ಮಗ್ಗುಲು, ಅದರಲ್ಲೂ ಕೆಟ್ಟ ಜಾಗ. ನನ್ನ ಗೆಳೆಯ ಹೋಗಿ ಕೂತದ್ದು ಅಲ್ಲೇ!

ಯಾಕೆ ಗೊತ್ತೇ? ಅವನು ಹಾಡುಗಾರ. ಊರ ಆರ್ಕೆಸ್ಟ್ರಾದಲ್ಲಿ ಅವನಿಗೆ 'ಜೂನಿಯರ್ ಕಿಶೋರ್' ಅಂತ ಬಿರುದು. ಕಿಶೋರ್ ಹಾಡು ಬಂದರೆ ಕಿಶೋರ್ ದನಿ, ಅಣ್ಣಾವ್ರ ಹಾಡು ಬಂದರೆ ಅಣ್ಣಾವ್ರ ದನಿ. 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಅಣ್ಣಾವ್ರು ಹಾಡಿದ ಇಂಗ್ಲಿಷ್ ಹಾಡನ್ನ ಅವನು ಎತ್ತಿಕೊಂಡರೆ ಸಿಳ್ಳೆಯೋ ಸಿಳ್ಳೆ! ಇದನ್ನೇ ನಂಬಿ ಒಮ್ಮೆ ದೊಡ್ಡ ಊರಿಗೆ ಹೋಗಿ ಆಯ್ಕೆಗೆ ನಿಂತ. ಅಲ್ಲಿ ಕೂತಿದ್ದ ಒಬ್ಬರು ಪೂರ್ತಿ ಕೇಳಿ, ನಗುತ್ತಲೇ ಅಂದರಂತೆ: "ಕಿಶೋರ್ ಹೇಗೂ ಇದ್ದಾರಲ್ಲಪ್ಪ, ಇನ್ನೊಬ್ಬ ಯಾಕೆ? ನಿನ್ನ ದನಿ ಯಾವುದು, ಅದನ್ನ ಹಾಡು." ಅವನ ಬಾಯಿಂದ ಒಂದು ಸ್ವರವೂ ಹೊರಡಲಿಲ್ಲ.

ಊರಿಗೆ ಬಂದವನು ಆರು ತಿಂಗಳು ಹಾಡಲಿಲ್ಲ. ಅಂಗಡಿಯಲ್ಲಿ ವೈರು ಸುತ್ತುತ್ತಾ ಕೂತಿರ್ತಿದ್ದ. ಮಾತಾಡಿಸಿದರೆ "ನನಗ ದನೀನೇ ಇಲ್ಲೋ ದೋಸ್ತಾ" ಅಂತಿದ್ದ. ಇಪ್ಪತ್ತೊಂದು ವರ್ಷದ ಹುಡುಗ ಇಂಥ ಮಾತು ಆಡಿದರೆ ಕೇಳೋವನಿಗೆ ಹೇಗಾಗಬೇಡ!

ಎರಡನೇ ಮಗ್ಗುಲಿನ ಕೊನೆಯ ಹಾಡು ಅವನ ಕೈ ಹಿಡಿದದ್ದು ಆಗ. ಮಧ್ಯಾಹ್ನ ಕಾಕಾ ಊಟಕ್ಕೆ ಹೋದಾಗ ಅದನ್ನ ಹಾಕ್ತಿದ್ದ. ಮೊದಮೊದಲು ಬರೀ ಗುನುಗು. ಮೊದಲ ಮಗ್ಗುಲಲ್ಲಾದರೆ ನಾಜಿಯಾ ಇದ್ದಾಳೆ. ಹಾಡಿದರೆ ಆಕೆಯ ಹಿಂದೆಯೇ ಹಾಡಬೇಕು. ಇಲ್ಲಿ ಯಾರೂ ಇಲ್ಲ. ಹಾಡುವವರ ಜಾಗ ಖಾಲಿ. ಆ ಖಾಲಿ ಜಾಗದಲ್ಲಿ ಕಿಶೋರ್ ದನಿ ಹಾಕಿ ನೋಡಿದ, ಕೂರಲಿಲ್ಲ. ಅಣ್ಣಾವ್ರ ದನಿಯೂ ಕೂರಲಿಲ್ಲ. ಕೊನೆಗೆ ಬೇರೆ ದಾರಿಯಿಲ್ಲದೆ ತನ್ನ ಗಂಟಲೇ ತೆರೆದ. ನಮ್ಮ ಬೀದರ್ ಕನ್ನಡ, ನಡುನಡುವೆ ದಖನಿ ಉರ್ದು ಸೇರಿಸಿ, ಹೆದ್ದಾರಿಯ ಲಾರಿಗಳ ಮೇಲೆ, ಬಸ್‌ಸ್ಟ್ಯಾಂಡಿನ ಚಹಾದ ಮೇಲೆ ತಾನೇ ಮಾತು ಕಟ್ಟಿದ. ಮಾಣಿಕನಗರ ಹುಮನಾಬಾದಿನ ಮಗ್ಗುಲಲ್ಲೇ ಇದೆ. ಅಲ್ಲಿನ ಮಾಣಿಕ ಪ್ರಭುಗಳು ಹಲವು ಭಾಷೆಯಲ್ಲಿ ಭಜನೆ ಕಟ್ಟಿದವರು. ಚಿಕ್ಕಂದಿನಿಂದ ಆ ಭಜನೆ ಕೇಳಿದ ಹುಡುಗನಿಗೆ ಎರಡು ಭಾಷೆ ಬೆರೆಸೋದು ಯಾರೂ ಕಲಿಸಬೇಕಾದ ವಿದ್ಯೆಯಲ್ಲ.

ಮುಂದೆ ನಡೆದದ್ದು ನಮ್ಮ ಬಸವಕಲ್ಯಾಣದ ಒಂದು ಲಗ್ನದಲ್ಲಿ. ಕಾಕಾ ಎಂದಿನಂತೆ ಮೊದಲ ಮಗ್ಗುಲು ಹಾಕಿದ. ಎಷ್ಟು ಚಪ್ಪರದ ಧೂಳು, ಎಷ್ಟು ಲಗ್ನದ ಅಕ್ಕಿಕಾಳು ಬಿದ್ದಿದ್ದವೋ ಆ ತಟ್ಟೆಯ ಮೇಲೆ! ಗೆರೆ ಸವೆದು ಮುಳ್ಳು ಒಂದೇ ಕಡೆ ಸಿಕ್ಕಿಕೊಂಡಿತು. "ದೀವಾ... ದೀವಾ... ದೀವಾ..." ಜನ ಹೋ ಅಂತ ನಕ್ಕರು. ಕಾಕಾ ಗಾಬರಿಯಲ್ಲಿ ತಟ್ಟೆ ಎತ್ತಿದ. ಗೆಳೆಯ ಅದನ್ನ ಕೈಯಿಂದ ಕಸಿದು, ಮಗುಚಿ, ಕೊನೆಯ ಹಾಡಿನ ಮೇಲೆ ಮುಳ್ಳು ಇಟ್ಟ. ಯಾರೂ ಕೇಳದ ಮಗ್ಗುಲು ಕನ್ನಡಿಯ ಹಾಗೆ ಹೊಳೀತಿತ್ತು. ವಾದ್ಯ ಶುರುವಾಯ್ತು. ಇವನು ಮೈಕ್ ಹಿಡಿದ.

ಆ ದನಿ ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಸ್ವಲ್ಪ ಒರಟು, ಸ್ವಲ್ಪ ಮೂಗು, ಮೇಲಿನ ಸ್ವರಕ್ಕೆ ಹೋದಾಗ ಒಂದು ಸಣ್ಣ ಬಿರುಕು. ಜನ ಮೊದಲು ಸುಮ್ಮನಾದರು. ಆಮೇಲೆ ಚಪ್ಪಾಳೆ ಬಿತ್ತು. ಹಾಡು ಮುಗಿದಾಗ ಪಂಕ್ತಿಯಲ್ಲಿ ಕೂತಿದ್ದ ಒಬ್ಬ ಮುದುಕ ಕೇಳಿದ: "ಯಾರ ದನಿಯಪಾ ಇದು?"

"ನಂದೇ ಅಜ್ಜಾ... ನಂದೇ ದನಿ!"

ಕಾಕಾ ಆಂಪ್ಲಿಫೈಯರಿನ ಗುಂಡಿ ತಿರುಗಿಸುವ ನೆಪದಲ್ಲಿ ಮುಖ ಆ ಕಡೆ ಮಾಡಿಕೊಂಡ.

ಇದಾದ ಮೇಲೆ ಅವನು ದೊಡ್ಡ ಗಾಯಕನಾದ, ಸಿನಿಮಾಕ್ಕೆ ಹಾಡಿದ ಅಂತ ಬರೆಯೋದಕ್ಕೆ ನನಗೂ ಆಸೆ. ಹಾಗಾಗಲಿಲ್ಲ. ಕಾಕಾನ ನಂತರ ಅಂಗಡಿ ಅವನದಾಯ್ತು. ಆದರೆ 'ಜೂನಿಯರ್ ಕಿಶೋರ್' ಹೋಗಿ ಅವನ ಸ್ವಂತ ಹೆಸರು ಬೋರ್ಡಿಗೆ ಬಂತು. ಇವತ್ತಿಗೂ ಎರಡೂ ಊರಿನವರು ಅವನ ಹಾಡು ಬೇಕು ಅಂತ ಅವನನ್ನೇ ಕರೀತಾರೆ. ಇನ್ನೊಬ್ಬರ ದನಿಗಾಗಿ ಅಲ್ಲ.

2000ದ ಆಗಸ್ಟ್ 13ರಂದು ನಾಜಿಯಾ ಹಸನ್ ಲಂಡನ್ನಿನಲ್ಲಿ ತೀರಿಕೊಂಡರು. ಕ್ಯಾನ್ಸರ್. ವಯಸ್ಸು ಬರೀ ಮೂವತ್ತೈದು. ಸುದ್ದಿ ಓದಿ ನಾನು ಹುಮನಾಬಾದಿನ ಬಸ್ ಹತ್ತಿದೆ. ಗೆಳೆಯ ಆಗಲೇ ತಟ್ಟೆ ಒರೆಸಿ ಇಟ್ಟಿದ್ದ. ಅವನ ಕೊನೆಯ ಹಾಡೇ ಹಾಕ್ತಾನೆ ಅಂದುಕೊಂಡೆ. ಇಲ್ಲ, ಮೊದಲ ಮಗ್ಗುಲಿಗೆ ಮುಳ್ಳು ಇಟ್ಟ. ಮಳೆ ಸುರಿದ ಹಾಗೆ ಚರಚರ ಸದ್ದು, ಅದರ ಹಿಂದೆ ಆ ಹುಡುಗಿಯ ದನಿ.

"ಯಾಕೋ, ಇವತ್ತು ಈ ಸೈಡು?" ಅಂದೆ.

"ಆಕಿ ಇದರಾಗ ಅದಾಳ. ಆ ಸೈಡಿನಾಗ ಇಲ್ಲ" ಅಂದ.

ನಮ್ಮೂರಿನ ಶರಣರ ವಚನಗಳು ನೆನಪಾದವು. ಎಂಟುನೂರು ವರ್ಷ ದಾಟಿಯೂ ಅವರ ಮಾತು ಉಳಿದಿದೆ, ಆದರೆ ಆಡಿದ ದನಿ ಹೇಗಿತ್ತೋ ಯಾರಿಗೂ ಕೇಳಿಸದು. ಈ ಹುಡುಗಿಯ ದನಿ ಸವೆದ ಗೆರೆಯಲ್ಲಾದರೂ ಉಳಿದಿದೆ. 2012ರಲ್ಲಿ 'ಸ್ಟೂಡೆಂಟ್ ಆಫ್ ದಿ ಇಯರ್' ಹಿಂದಿ ಚಿತ್ರ ಬಂದಾಗ ಅದರಲ್ಲಿ ಈ ಹಾಡನ್ನ ಹೊಸದಾಗಿ ಮಾಡಿ, ಆಕೆಯ ದನಿಯನ್ನೂ ಸೇರಿಸಿದ್ದರು. ಅಂಗಡಿಯ ಕೆಲಸದ ಹುಡುಗ ಹೊಸ ಹಾಡು ಅಂತ ಕುಣಿಯುವಾಗ ಗೆಳೆಯ ನಕ್ಕು, ಹಳೆಯ ತಟ್ಟೆ ತೆಗೆದು ಅವನ ಕೈಗಿಟ್ಟ.

ಅಭಿಮಾನಿ ಮಿತ್ರರೇ, ನೆಚ್ಚಿನ ನಟನ ಹಾಗೆ ಕೂದಲು ಬಾಚಿ, ನೆಚ್ಚಿನ ಗಾಯಕನ ಹಾಗೆ ಗಂಟಲು ತಿದ್ದಿಕೊಳ್ಳೋದರಲ್ಲಿ ತಪ್ಪೇನಿಲ್ಲ. ಆ ವಯಸ್ಸೇ ಹಾಗೆ. ಮೊದಲ ಮಗ್ಗುಲು ಮನಸಾರೆ ಕೇಳಿ, ಕುಣಿಯಿರಿ. ಆದರೆ ಅದು ಮುಗಿದ ಮೇಲೆ ಸೋಮಾರಿತನ ಬಿಟ್ಟು ಎದ್ದು, ತಟ್ಟೆ ಮಗುಚಿ. ಅಲ್ಲಿ ಹಾಡುವವರ ಜಾಗ ಖಾಲಿ ಇದ್ದರೆ ಹೆದರಬೇಡಿ. ಬಾಯಿ ತೆರೆದು ನೋಡಿ.