ಕೆಂಪಿಯ ಪಾಲು

ಭತ್ತ ಬೇಯುವ ವಾಸನೆ ಮೂಗಿಗೆ ಬಡಿದರೆ ಸಾಕು, ಅಣ್ಣನೂ ನಾನೂ ಪಾಟಿಚೀಲವನ್ನು ಜಗಲಿಗೆ ಎಸೆದು ಅಂಗಳಕ್ಕೆ ಓಡುತ್ತಿದ್ದೆವು. ಮೂರು ಕಲ್ಲಿನ ಒಲೆ, ಅದರ ಮೇಲೆ ತಾಮ್ರದ ಹಂಡೆ. ನೆನೆದ ಭತ್ತ ಕುದಿದು ಸಿಪ್ಪೆ ಬಾಯಿಬಿಡುತ್ತಲೇ ಅಜ್ಜಿ ಅದನ್ನು ಬಸಿದು ಚಾಪೆಗೆ ಸುರಿಯುತ್ತಿದ್ದರು. ಕಾಲಿನಿಂದ ಸಾಲು ಎಳೆಯುತ್ತ ಹರಡುವುದು, ಕೋಳಿ ಓಡಿಸುವುದು ನಮ್ಮ ಪಾಲಿನ ಕೆಲಸ. ನಮ್ಮ ದಕ್ಷಿಣ ಕನ್ನಡದ ಮನೆಯಲ್ಲಿ ಕುಚ್ಚಲಕ್ಕಿ ಆಗುತ್ತಿದ್ದದ್ದು ಹೀಗೆ.

ಒಣಗಿದ ಭತ್ತವನ್ನು ಅಜ್ಜಿ ಮತ್ತು ಪಕ್ಕದ ಮನೆಯ ದೊಡ್ಡಮ್ಮ ಎದುರುಬದುರು ನಿಂತು ಕುಟ್ಟುತ್ತಿದ್ದರು. ಒಂದೇ ಒರಳು, ಎರಡು ಒನಕೆ. ಒಂದಕ್ಕೊಂದು ತಾಗಿದ್ದನ್ನು ನಾವು ಕಂಡದ್ದಿಲ್ಲ. ಗೆರಸೆಯಲ್ಲಿ ಕೇರಿ ಉಮಿ ಹಾರಿಸಿ, ಮತ್ತೆ ಕುಟ್ಟಿದರೆ ಕಂದು ಬಣ್ಣದ ನುಣುಪು ತೌಡು. ಅದಕ್ಕೆ ಬೆಲ್ಲ ಕಲಸಿ ಬಾಯಿಗೆ ತುಂಬಿಕೊಳ್ಳುತ್ತಿದ್ದ ನಮಗೆ ಅಜ್ಜಿಯ ಗದರಿಕೆ: “ಎಲ್ಲ ನೀವೇ ಮುಕ್ಕಿದ್ರೆ ಕೆಂಪಿಗೆಂತ ಕೊಡುದು?”

ಕೆಂಪಿ ಹಟ್ಟಿಯ ಹಸು. ಅಕ್ಕಚ್ಚಿಗೆ ಬೆರೆಸಿದ ತೌಡು ಅವಳದ್ದು. ಅದನ್ನು ನಾಳೆಗೆ ಇಡುವಂತಿಲ್ಲ, ಕಮಟು ವಾಸನೆ ಬರುತ್ತದೆ ಎಂದು ಅಜ್ಜಿಯ ಕಟ್ಟಪ್ಪಣೆ. ತೌಡಿನಲ್ಲಿ ಎಣ್ಣೆಯಿದೆ, ಕೆಡುವುದು ಆ ಎಣ್ಣೆಯೇ ಎಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ನೆಂಟರು ಬಂದ ದಿನ ಬೆಳ್ತಿಗೆ ಅನ್ನ, ಉಳಿದ ದಿನ ಕುಚ್ಚಲಕ್ಕಿ ಗಂಜಿ. ಬಿಳಿ ಅನ್ನಕ್ಕೆ ಹಟ ಹಿಡಿಯುತ್ತಿದ್ದ ಅಣ್ಣನೇ ಕಾಲೇಜಿಗೆ ಹೋದ ಮೇಲೆ ಒಂದು ರಜೆಯಲ್ಲಿ ಜಗಲಿಯಲ್ಲಿ ಕುಳಿತು ಅಜ್ಜಿಗೆ ಜಾವಾದ ಕಥೆ ಹೇಳಿದ. 1890ರ ದಶಕ. ಕ್ರಿಶ್ಚಿಯಾನ್ ಐಕ್ಮನ್ ಎಂಬ ಡಚ್ ವೈದ್ಯರು ಸಾಕಿದ ಕೋಳಿಗಳ ಕಾಲು ಸೋತು, ನಿಲ್ಲಲಾರದಾದವು. ಆಗ ಅವಕ್ಕೆ ಬೀಳುತ್ತಿದ್ದದ್ದು ಆಸ್ಪತ್ರೆಯ ಅಡುಗೆಮನೆಯ ಬಿಳಿ ಅನ್ನ. ಹೊಸದಾಗಿ ಬಂದ ಅಡುಗೆಯವನು, ಸೈನಿಕರ ಅನ್ನವನ್ನು ಕೋಳಿಗೆ ಕೊಡಲಾರೆ ಎಂದ. ಪಾಲಿಶ್ ಮಾಡದ ಅಕ್ಕಿ ತಿಂದ ಕೋಳಿಗಳು ಎದ್ದು ಓಡಾಡಿದವು! ಮನುಷ್ಯರನ್ನು ಕಾಡುತ್ತಿದ್ದ ಬೆರಿಬೆರಿ ರೋಗದ ಗುಟ್ಟು ಹೊರಬಿದ್ದದ್ದು ಆ ದಾರಿಯಲ್ಲಿ. ಕೋಳಿಗಳನ್ನು ಎಬ್ಬಿಸಿದ, ತೌಡಿನೊಳಗಿನ ಸತ್ವವನ್ನು ಹುಡುಕುತ್ತಲೇ ಕ್ಯಾಸಿಮಿರ್ ಫಂಕ್ 1912ರಲ್ಲಿ ‘ವಿಟಮಿನ್’ ಎಂಬ ಹೆಸರು ಕಟ್ಟಿದರು. 1929ರಲ್ಲಿ ಐಕ್ಮನ್ನರಿಗೆ ನೊಬೆಲ್ ಬಂತು. ಆ ಸತ್ವವೇ ಥಯಾಮಿನ್. ಭತ್ತ ಬೇಯಿಸುವಾಗ ಅದು ತೌಡಿನಿಂದ ಕಾಳಿನೊಳಕ್ಕೆ ಇಳಿಯುವುದರಿಂದ, ಮಿಲ್ಲಿಗೆ ಹೋದ ಕುಚ್ಚಲಕ್ಕಿಯಲ್ಲೂ ಒಂದಷ್ಟು ಉಳಿಯುತ್ತದೆ.

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಎಲ್ಲ ಕೇಳಿಸಿಕೊಂಡು, “ನಮ್ಮ ಕೋಳಿಗಳಿಗೆ ಅದು ಮೊದಲೇ ಗೊತ್ತಿತ್ತಾ. ಓಡಿಸ್ತಿದ್ದದ್ದು ನೀನೇ,” ಎಂದರು.

ಈಗ ಆ ಅಂಗಳದಲ್ಲಿ ಹಂಡೆಯೂ ಇಲ್ಲ, ಒರಳೂ ಇಲ್ಲ. ಕಳೆದ ಬಾರಿ ಬೆಂಗಳೂರಿಗೆ ಹೋದಾಗ ಅಣ್ಣನ ಅಡುಗೆಮನೆಯಲ್ಲಿ ತೌಡಿನ ಎಣ್ಣೆಯ ಬಾಟಲಿ ಕಂಡೆ. ಕೊಲೆಸ್ಟರಾಲ್ ಹೆಚ್ಚಿದೆಯಂತೆ, ತಂದಿದ್ದಾನೆ. “ಕೆಂಪಿಯ ಪಾಲು ನಿನಗೆ ಬಂತಲ್ಲ,” ಎಂದೆ. ಅಣ್ಣ ನಗುತ್ತ ಮುಚ್ಚಳ ತೆಗೆದು ಮೂಸಿದ, ನನ್ನ ಮೂಗಿಗೂ ಹಿಡಿದ.

“ಒಂದು ವಾಸನೆಯೂ ಇಲ್ಲ ಮಾರಾಯ.”